ಸೋಲುವ ತಂಡ ಕುಸೀತಿದೆಯಾ, ಕಟ್ಟಿಕೊಳ್ತಿದೆಯಾ?

ಎರಡು ಫುಟ್‌ಬಾಲ್ ತಂಡಗಳು ಸೋಲುತ್ತಿವೆ ಅಂದುಕೊಳ್ಳಿ. ಅಂಕಪಟ್ಟಿಯಲ್ಲಿ ಎರಡೂ ಕೆಳಗಿವೆ, ಹೆಚ್ಚುಕಡಿಮೆ ಅಕ್ಕಪಕ್ಕ. ಎರಡೂ ಕಡೆ ಅಭಿಮಾನಿಗಳು ಕೋಚ್‌ನ ಬೈಯುತ್ತಿದ್ದಾರೆ. ಎರಡು ವರ್ಷ ಬಿಟ್ಟು ನೋಡಿದರೆ ಒಂದು ತಂಡ ಫೈನಲ್ ಆಡುತ್ತಿದೆ, ಇನ್ನೊಂದು ಮತ್ತೊಬ್ಬ ಕೋಚ್‌ನ ಹುಡುಕುತ್ತಿದೆ. ಹೊರಗಿನಿಂದ ಸೋಲು ಒಂದೇ ಥರ ಕಾಣುತ್ತಿತ್ತು. ಒಳಗೆ ಮಾತ್ರ ಒಂದು ತಂಡ ಕುಸಿಯುತ್ತಿತ್ತು, ಇನ್ನೊಂದು ಕಟ್ಟಿಕೊಳ್ಳುತ್ತಿತ್ತು.

ಈ ವ್ಯತ್ಯಾಸವನ್ನು ಮೊದಲೇ ಗುರುತಿಸೋಕೆ ಆಗುತ್ತಾ? ತಕ್ಕಮಟ್ಟಿಗೆ ಆಗುತ್ತೆ ಅಂತ ನನ್ನ ನಂಬಿಕೆ. ನಾನು ತುಮಕೂರಿನವನು, ಬೆಂಗಳೂರು ಎಫ್‌ಸಿ ಅಭಿಮಾನಿ. ಕಂಠೀರವದಲ್ಲಿ ಏಳೂವರೆಯ ಮ್ಯಾಚ್ ಮುಗಿಸಿ, ಮೆಜೆಸ್ಟಿಕ್‌ನಲ್ಲಿ ಬಸ್ ಹಿಡಿದು, ನೆಲಮಂಗಲ, ದಾಬಸ್‌ಪೇಟೆ ದಾಟಿ ಊರು ಸೇರುವಷ್ಟರಲ್ಲಿ ಮಧ್ಯರಾತ್ರಿ ಆಗಿರುತ್ತದೆ. ಗೆದ್ದ ದಿನ ಆ ಎಪ್ಪತ್ತು ಕಿಲೋಮೀಟರ್ ಗೊತ್ತೇ ಆಗಲ್ಲ. ಸೋತ ದಿನ ಯೋಚನೆಗೆ ಬೇಕಾದಷ್ಟು ಸಮಯ ಸಿಗುತ್ತದೆ. ಬಸ್ಸಿನಲ್ಲಿ ನಮ್ಮ ಹುಡುಗರ ಮಾತು ಎಲ್ಲಿಂದಲೇ ಶುರುವಾಗಲಿ, ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ: "ಅಣ್ಣ, ಈ ಟೀಮ್ ಯಾವಾಗ ಸರಿಹೋಗುತ್ತೆ?" ಅವರಲ್ಲಿ ಕೆಲವರಿಗೆ ಇಂಗ್ಲೆಂಡ್‌ನ ಆರ್ಸೆನಲ್ ಮೇಲೂ ಪ್ರಾಣ, ಕೆಲವರಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ. ಮೂರೂ ತಂಡಗಳ ಕಥೆಯಲ್ಲಿ ಕಲಿಯೋಕೆ ತುಂಬಾ ಇದೆ.

ಗೆಲ್ಲುವಾಗಲೇ ಶುರುವಾಗುವ ಕುಸಿತ

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆಡಿದ ಮೊದಲ ಸೀಸನ್‌ನಲ್ಲೇ ಆಗಿನ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2016ರಲ್ಲಿ ಮತ್ತೆ ಐ-ಲೀಗ್ ಗೆದ್ದು, ಅದೇ ವರ್ಷ ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್‌ಗೂ ಹೋಯಿತು. ಅದಕ್ಕೂ ಮುಂಚೆ ಭಾರತದ ಯಾವ ಕ್ಲಬ್ಬೂ ಆ ಫೈನಲ್ ತಲುಪಿರಲಿಲ್ಲ. 2017ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ, ಅಂದರೆ ಐಎಸ್‌ಎಲ್‌ಗೆ, ಬಂದಾಗ ಮೊದಲ ವರ್ಷವೇ ಲೀಗ್ ಹಂತದಲ್ಲಿ ಅಗ್ರಸ್ಥಾನ. ಫೈನಲ್‌ನಲ್ಲಿ ಕಂಠೀರವದಲ್ಲೇ ಚೆನ್ನೈಯಿನ್ ಎದುರು 3-2ರಿಂದ ಸೋತೆವು. ಮರುವರ್ಷ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿಗೆ ಎಫ್‌ಸಿ ಗೋವಾ ಸೋತಿತು. ಕಪ್ ನಮ್ಮದಾಯಿತು.

ಆ ರಾತ್ರಿ ಕುಣಿಯುತ್ತಿದ್ದ ನಮಗೆ ಯಾರಿಗೂ ಆಟಗಾರರ ವಯಸ್ಸು ಲೆಕ್ಕ ಹಾಕುವ ಮನಸ್ಸಿರಲಿಲ್ಲ. ಹಾಕಿದ್ದರೆ ಕಾಣುತ್ತಿತ್ತು. ಮಿಡ್‌ಫೀಲ್ಡ್ ನಡೆಸುತ್ತಿದ್ದ ದಿಮಾಸ್ ಡೆಲ್ಗಾಡೊಗೆ 36. ಸುನಿಲ್ ಛೆಟ್ರಿಗೆ 34. ಮಿಕುಗೆ 33. ಎರಿಕ್ ಪಾರ್ತಾಲುಗೆ 32. ತಂಡದ ಬೆನ್ನೆಲುಬೇ ಮೂವತ್ತು ದಾಟಿತ್ತು.

ಗೋಲ್‌ಕೀಪರ್ ಬಿಟ್ಟರೆ ಉಳಿದ ಆಟಗಾರರಿಗೆ ಸಾಮಾನ್ಯವಾಗಿ 24ರಿಂದ 29ರವರೆಗಿನದು ಒಳ್ಳೆಯ ಕಾಲ. ಛೆಟ್ರಿಯಂಥವರು ಅಪರೂಪ. ಅವರನ್ನು ನೋಡಿ ಉಳಿದವರಿಂದಲೂ ಅದೇ ನಿರೀಕ್ಷಿಸಬಾರದು. ಮೂವತ್ತರ ಮೇಲೆ ಕೌಶಲ ಕಮ್ಮಿ ಆಗಲ್ಲ, ಓಟ ಕಮ್ಮಿ ಆಗುತ್ತದೆ. ಚೆಂಡು ಕಳೆದುಕೊಂಡ ಮೇಲೆ ವಾಪಸ್ ಓಡಿಬರುವ ಆ ಹತ್ತು ಹದಿನೈದು ಗಜ ಮೊದಲು ಹೋಗುತ್ತದೆ. ಟಿವಿಯಲ್ಲಿ ಅದು ಕಾಣೋದೇ ಇಲ್ಲ, ಯಾಕಂದ್ರೆ ಕ್ಯಾಮೆರಾ ಚೆಂಡಿನ ಹಿಂದೆ ಇರುತ್ತದೆ.

ಮುಂದೆ ಆಗಿದ್ದು ಎಲ್ಲರಿಗೂ ಗೊತ್ತು. 2020-21ರಲ್ಲಿ ಏಳನೇ ಸ್ಥಾನ. ಕಪ್ ಗೆಲ್ಲಿಸಿಕೊಟ್ಟ ಕೋಚ್ ಕಾರ್ಲೆಸ್ ಕ್ವಾಡ್ರಾಟ್ 2021ರ ಜನವರಿಯಲ್ಲೇ ಹೊರಟರು. ಮಾರ್ಕೊ ಪೆಝಾಯುವೊಲಿ ಬಂದ ವರ್ಷ ಆರನೇ ಸ್ಥಾನ. ಸೈಮನ್ ಗ್ರೇಸನ್ ಬಂದ 2022-23ರಲ್ಲಿ ಡ್ಯುರಾಂಡ್ ಕಪ್ ಗೆದ್ದು, ಐಎಸ್‌ಎಲ್ ಫೈನಲ್ ಮತ್ತು ಸೂಪರ್ ಕಪ್ ಫೈನಲ್ ಎರಡರಲ್ಲೂ ಸೋತೆವು. ಮರುವರ್ಷ 12 ತಂಡಗಳಲ್ಲಿ ಹತ್ತನೇ ಸ್ಥಾನ. ಬಸ್ಸಿನಲ್ಲಿ ಆಗ ಮಾತೇ ಇರುತ್ತಿರಲಿಲ್ಲ.

ಒಂದೇ ಏಟಿಗೆ ಯಾಕೆ ಸರಿಮಾಡಲ್ಲ?

"ಎಲ್ಲರನ್ನೂ ಕಳಿಸಿ, ಹೊಸಬರನ್ನ ತಗೊಳ್ಳಿ." ಅಭಿಮಾನಿಗೆ ಇದು ಸುಲಭದ ಮಾತು. ಕ್ಲಬ್ಬಿಗೆ ಯಾಕೆ ಅಷ್ಟು ಸುಲಭ ಅಲ್ಲ ಅಂತ ನೋಡೋಣ.

ಮೊದಲನೆಯದು ಒಪ್ಪಂದ. ಆಟಗಾರನ ಜೊತೆ ಮೂರು ವರ್ಷದ ಒಪ್ಪಂದ ಆಗಿದ್ದರೆ, ಅವನು ಆಡಲಿ ಬಿಡಲಿ, ಮೂರು ವರ್ಷ ಸಂಬಳ ಕೊಡಲೇಬೇಕು. ಬೇರೆ ಕ್ಲಬ್ ಅಷ್ಟೇ ಸಂಬಳ ಕೊಡೋಕೆ ಒಪ್ಪದಿದ್ದರೆ ಅವನು ಯಾಕೆ ಹೋಗುತ್ತಾನೆ? ಹೋಗಬೇಕಾಗಿಯೂ ಇಲ್ಲ. ಆಟಗಾರರನ್ನು ಕೊಳ್ಳುವುದು, ಮಾರುವುದು ವರ್ಷಕ್ಕೆ ಎರಡು ಟ್ರಾನ್ಸ್‌ಫರ್ ವಿಂಡೋಗಳಲ್ಲಿ, ಅಂದರೆ ಅದಕ್ಕೆಂದೇ ಗೊತ್ತುಮಾಡಿದ ಅವಧಿಗಳಲ್ಲಿ, ಮಾತ್ರ. ಹಾಗಾಗಿ ಹಳೇ ಒಪ್ಪಂದಗಳು ತಾವಾಗಿ ಮುಗಿಯುವವರೆಗೆ ಕಾಯುವುದೇ ಎಷ್ಟೋ ಸಲ ಕ್ಲಬ್ಬಿಗೆ ಉಳಿಯುವ ದಾರಿ.

ಎರಡನೆಯದು ಲೆಕ್ಕಪತ್ರ. ಯುರೋಪಿನ ಕ್ಲಬ್ಬುಗಳ ವಿಷಯದಲ್ಲಿ ನಮ್ಮ ಹುಡುಗರಿಗೆ ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಉದಾಹರಣೆಗೆ ಒಬ್ಬ ಆಟಗಾರನನ್ನು 60 ಮಿಲಿಯನ್ ಪೌಂಡ್ ಕೊಟ್ಟು ಐದು ವರ್ಷಕ್ಕೆ ತಂದರು ಅನ್ನಿ. ಪುಸ್ತಕದಲ್ಲಿ ಆ ಖರ್ಚು ಒಂದೇ ವರ್ಷಕ್ಕೆ ಬೀಳಲ್ಲ. ವರ್ಷಕ್ಕೆ 12 ಮಿಲಿಯನ್‌ನಂತೆ ಐದು ವರ್ಷಕ್ಕೆ ಹಂಚುತ್ತಾರೆ. ಮೊದಲ ವರ್ಷವೇ ಅವನು ಚೆನ್ನಾಗಿ ಆಡಲಿಲ್ಲ, 30 ಮಿಲಿಯನ್‌ಗೆ ಮಾರೋಣ ಅಂದರೆ? ಪುಸ್ತಕದಲ್ಲಿ ಅವನ ಬೆಲೆ ಇನ್ನೂ 48 ಮಿಲಿಯನ್ ಇದೆ. 18 ಮಿಲಿಯನ್ ನಷ್ಟ ತೋರಿಸಬೇಕು. ಅದೇ ನಾಲ್ಕನೇ ವರ್ಷ ಮುಗಿದ ಮೇಲೆ 30ಕ್ಕೆ ಮಾರಿದರೆ ಪುಸ್ತಕದಲ್ಲಿ ಉಳಿದಿರುವುದು 12 ಮಾತ್ರ. ಅದು 18 ಮಿಲಿಯನ್ ಲಾಭ. ಆಟಗಾರ ಒಬ್ಬನೇ, ಮಾರಿದ ಬೆಲೆಯೂ ಒಂದೇ. ಒಮ್ಮೆ ನಷ್ಟ, ಒಮ್ಮೆ ಲಾಭ. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷದ ಒಟ್ಟು ನಷ್ಟ 105 ಮಿಲಿಯನ್ ಪೌಂಡ್ ದಾಟಬಾರದು ಅಂತ ನಿಯಮ ಇತ್ತು. ಅದನ್ನು ಮೀರಿದ್ದಕ್ಕೆ 2023ರ ನವೆಂಬರ್‌ನಲ್ಲಿ ಎವರ್ಟನ್‌ನ ಹತ್ತು ಅಂಕ ಕಡಿತ ಮಾಡಿದರು. ಮೇಲ್ಮನವಿಯಲ್ಲಿ ಅದು ಆರಕ್ಕೆ ಇಳಿಯಿತು. "ಆ ಆಟಗಾರನ್ನ ಇನ್ನೂ ಯಾಕೆ ಇಟ್ಕೊಂಡಿದಾರೆ?" ಅನ್ನುವ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಮೈದಾನದಲ್ಲಿ ಇರಲ್ಲ, ಈ ಪುಸ್ತಕದಲ್ಲಿ ಇರುತ್ತದೆ.

ನಮ್ಮ ಐಎಸ್‌ಎಲ್‌ನ ಕಟ್ಟು ಬೇರೆ. 2021-22ರಿಂದ ಮೈದಾನದಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿಯರಿಗೆ ಮಾತ್ರ ಅವಕಾಶ. ಅಂದರೆ ಹನ್ನೊಂದರಲ್ಲಿ ಕನಿಷ್ಠ ಏಳು ಜನ ಭಾರತೀಯರು. ಒಳ್ಳೆಯ ವಿದೇಶಿ ಸ್ಟ್ರೈಕರ್ ಒಂದು ವಿಂಡೋದಲ್ಲಿ ಸಿಕ್ಕಿಬಿಡಬಹುದು. ಡಿಫೆನ್ಸ್‌ನ ನಡುವೆ ನಿಲ್ಲುವ ಒಳ್ಳೆಯ ಭಾರತೀಯ ಸೆಂಟರ್ ಬ್ಯಾಕ್ ಹಾಗೆ ಸಿಗಲ್ಲ. ದೇಶದಲ್ಲಿ ಅಂಥವರು ಇರುವುದೇ ಕೆಲವರು, ಅವರಿಗೆ ಎಲ್ಲಾ ಕ್ಲಬ್ಬುಗಳೂ ಕೈಚಾಚಿರುತ್ತವೆ. ಹಾಗಾಗಿ ಇಲ್ಲಿ ತಂಡ ಕಟ್ಟುವುದು ಅಂದರೆ ಬಹುಪಾಲು ಹುಡುಗರನ್ನು ಬೆಳೆಸುವುದು.

ನಮ್ಮ ಜಿಲ್ಲೆಯ ಓದುಗರಿಗೆ ಇದನ್ನು ತೆಂಗಿನ ತೋಟದ ಲೆಕ್ಕದಲ್ಲಿ ಹೇಳಬಹುದು. ತಿಪಟೂರು ಕಡೆ ಹಳೇ ತೋಟ ಹೊಸದು ಮಾಡುವವರು ಎಲ್ಲಾ ಮರ ಒಟ್ಟಿಗೆ ಕಡಿಯಲ್ಲ. ಹಳೇ ಮರಗಳ ನಡುವೆ ಸಸಿ ನೆಡುತ್ತಾರೆ. ಸಸಿ ಬೆಳೆದಂತೆ ಹಳೆಯದನ್ನು ಒಂದೊಂದಾಗಿ ತೆಗೆಯುತ್ತಾರೆ. ನಡುವೆ ಒಂದಷ್ಟು ವರ್ಷ ಹಳೇ ಮರದಲ್ಲಿ ಕಾಯಿ ಕಮ್ಮಿ, ಹೊಸ ಸಸಿ ಇನ್ನೂ ಫಸಲಿಗೆ ಬಂದಿರಲ್ಲ. ದಾರಿಹೋಕನಿಗೆ ತೋಟ ಹಾಳಾಗಿದೆ ಅನ್ನಿಸುತ್ತದೆ. ಸಸಿ ನೆಟ್ಟಿದ್ದಾರೋ ಇಲ್ಲವೋ ಅಂತ ತೋಟದ ಒಳಗೆ ಇಳಿದು ನೋಡಿದರೆ ಮಾತ್ರ ಗೊತ್ತಾಗುವುದು.

ಸಸಿ ನೆಟ್ಟಿದ್ದಾರಾ?

ಸೋಲಿನ ಕಾಲದಲ್ಲಿ ನಾನು ಮೊದಲು ನೋಡುವುದು ಇದನ್ನೇ. ಹೊಸದಾಗಿ ಬಂದವರ ವಯಸ್ಸೆಷ್ಟು? ಎರಡನೇ ತಂಡದ ಹುಡುಗರಿಗೆ ಆಡಲು ಸಿಗುತ್ತಿರುವ ನಿಮಿಷಗಳೆಷ್ಟು?

ಆರ್ಸೆನಲ್ ಉದಾಹರಣೆ ತಗೊಳ್ಳಿ. ಮಿಕೆಲ್ ಆರ್ಟೆಟಾ 2019ರ ಡಿಸೆಂಬರ್‌ನಲ್ಲಿ ಕೋಚ್ ಆಗಿ ಬಂದರು. ಆ ಸೀಸನ್ ಲೀಗ್‌ನಲ್ಲಿ ಎಂಟನೇ ಸ್ಥಾನ, ಜೊತೆಗೆ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆಲುವು. ಮರುವರ್ಷವೂ ಎಂಟನೇ ಸ್ಥಾನ. 2021-22ರ ಮೊದಲ ಮೂರು ಮ್ಯಾಚ್‌ಗಳಲ್ಲಿ ಬ್ರೆಂಟ್‌ಫರ್ಡ್, ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿ ಎದುರು ಮೂರೂ ಸೋಲು. ಹೊಡೆದ ಗೋಲು ಸೊನ್ನೆ, ಬಿಟ್ಟುಕೊಟ್ಟಿದ್ದು ಒಂಬತ್ತು. ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಕೋಚ್‌ನ ತೆಗೆಯಿರಿ ಅನ್ನುವ ಕೂಗು ತುಮಕೂರಿನಲ್ಲೂ ಕೇಳಿಸುತ್ತಿತ್ತು.

ಅದೇ ಬೇಸಿಗೆಯಲ್ಲಿ ಕ್ಲಬ್ ಆರು ಜನರನ್ನು ತಂದಿತ್ತು. ರಾಮ್ಸ್‌ಡೇಲ್, ಬೆನ್ ವೈಟ್, ಓಡೆಗಾರ್ಡ್, ಟೊಮಿಯಾಸು, ಲೊಕೊಂಗ, ತವಾರೆಸ್. ಆರೂ ಜನ 23 ಅಥವಾ ಅದಕ್ಕಿಂತ ಕಮ್ಮಿ ವಯಸ್ಸಿನವರು. 2019ರಲ್ಲೇ ಕೊಂಡಿದ್ದ ವಿಲಿಯಂ ಸಾಲಿಬಾ ಆಗ ಲೋನ್ ಮೇಲೆ, ಅಂದರೆ ಎರವಲಾಗಿ, ಫ್ರಾನ್ಸ್‌ನಲ್ಲಿ ಆಡುತ್ತಿದ್ದ. ಆರ್ಸೆನಲ್ ಪರ ಅವನು ಮೊದಲ ಲೀಗ್ ಮ್ಯಾಚ್ ಆಡಿದ್ದು 2022ರ ಆಗಸ್ಟ್‌ನಲ್ಲಿ. ಕೊಂಡು ಮೂರು ವರ್ಷ ಆದ ಮೇಲೆ! ಪಟ್ಟಿಯ ತಳದಲ್ಲಿದ್ದ ಆ ತಂಡ ಆ ವರ್ಷ ಐದನೇ ಸ್ಥಾನಕ್ಕೆ ಬಂತು. ಆಮೇಲೆ ಸತತ ಮೂರು ವರ್ಷ ಎರಡನೇ ಸ್ಥಾನ. ಆ ಆರರಲ್ಲಿ ಕೆಲವರು ಗೆಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು. ಲೊಕೊಂಗ, ತವಾರೆಸ್ ಅಲ್ಲಿ ನೆಲೆಯೂರಲಿಲ್ಲ. ನೆಟ್ಟಿದ್ದೆಲ್ಲ ಹಿಡಿಯಬೇಕು ಅಂತ ಯಾರೂ ಕೇಳಬಾರದು.

ನಮ್ಮ ಬೆಂಗಳೂರಿನಲ್ಲೂ ಇಂಥ ಸುಳಿವು ಇತ್ತು. ಮೊದಲ ತಂಡ ಆರನೇ ಸ್ಥಾನದಲ್ಲಿ ಒದ್ದಾಡಿದ 2022ರಲ್ಲೇ ಕ್ಲಬ್ಬಿನ ಕಿರಿಯ ಹುಡುಗರು ಡೆವಲಪ್‌ಮೆಂಟ್ ಲೀಗ್ ಗೆದ್ದರು. ಆ ತಂಡದಲ್ಲಿ ಗೋಲು ಹೊಡೆಯುತ್ತಿದ್ದ ಶಿವಶಕ್ತಿ ನಾರಾಯಣನ್ ಮರುಸೀಸನ್‌ನಲ್ಲಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದ. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು 1-0 ಗೆದ್ದ ಮ್ಯಾಚ್‌ನ ಏಕೈಕ ಗೋಲು ಹೊಡೆದದ್ದು 19 ವರ್ಷದ ವಿನಿತ್ ವೆಂಕಟೇಶ್, ನಮ್ಮ ಅಕಾಡೆಮಿಯಿಂದಲೇ ಬಂದ ಹುಡುಗ. ಹತ್ತನೇ ಸ್ಥಾನದ ನೋವು ಇನ್ನೂ ಹಸಿಯಾಗಿದ್ದ ಸಮಯ ಅದು. ಆ ಗೋಲಿಗೆ ನಾನು ಕೂಗಿದ್ದು ಬರೀ ಮೂರು ಅಂಕಕ್ಕೆ ಅಲ್ಲ.

ಶಿಸ್ತು ಅಂದರೆ ದಂಡ ಹಾಕುವುದು ಮಾತ್ರವಾ?

ಶಿಸ್ತು ಅಂದ ತಕ್ಷಣ ತಡವಾಗಿ ಬಂದವನಿಗೆ ದಂಡ, ಕೋಚ್‌ನ ಗದರಿಕೆ ನೆನಪಾಗುತ್ತದೆ. ಅದು ಶಿಸ್ತಿನ ಚಿಕ್ಕ ಭಾಗ. ದೊಡ್ಡ ಭಾಗ ಅಂಕಗಳಲ್ಲಿ ಕಾಣುತ್ತದೆ.

2024-25ರಲ್ಲಿ ಆರ್ಸೆನಲ್‌ಗೆ ಏನಾಯಿತು ನೋಡಿ. ಆಗಸ್ಟ್ 31ರಂದು ಬ್ರೈಟನ್ ಎದುರು 1-0 ಮುಂದಿದ್ದರು. ಎದುರಾಳಿ ಫ್ರೀ ಕಿಕ್ ಹೊಡೆಯಲು ಬರುತ್ತಿದ್ದಾಗ ಡೆಕ್ಲಾನ್ ರೈಸ್ ಚೆಂಡನ್ನು ಕಾಲಿನಿಂದ ಸ್ವಲ್ಪ ತಳ್ಳಿದ. ಅಷ್ಟೇ. ಎರಡನೇ ಹಳದಿ ಕಾರ್ಡ್, ಹೊರಗೆ. ಮ್ಯಾಚ್ 1-1. ಸೆಪ್ಟೆಂಬರ್ 22ರಂದು ಮ್ಯಾಂಚೆಸ್ಟರ್ ಸಿಟಿ ಎದುರು 2-1 ಮುಂದಿದ್ದಾಗ, ಮೊದಲಾರ್ಧದ ಕೊನೆಯಲ್ಲಿ ಟ್ರೊಸ್ಸಾರ್ ಸೀಟಿ ಊದಿದ ಮೇಲೆ ಚೆಂಡನ್ನು ದೂರ ಒದ್ದ. ಅವನೂ ಹೊರಗೆ. ಇಡೀ ದ್ವಿತೀಯಾರ್ಧ ಹತ್ತು ಜನ ಗೋಲಿನ ಮುಂದೆ ಗೋಡೆಯಂತೆ ನಿಂತರು. 98ನೇ ನಿಮಿಷದಲ್ಲಿ ಜಾನ್ ಸ್ಟೋನ್ಸ್ ಗೋಲು ಹೊಡೆದು 2-2 ಮಾಡಿದ. ಅಕ್ಟೋಬರ್ 19ರಂದು ಬೋರ್ನ್‌ಮತ್ ಎದುರು ಸಾಲಿಬಾಗೆ ಕೆಂಪು ಕಾರ್ಡ್, 2-0 ಸೋಲು. ಮೊದಲ ಎಂಟು ಮ್ಯಾಚ್‌ಗಳಲ್ಲಿ ಮೂರು ಕೆಂಪು ಕಾರ್ಡ್, ಆ ಮೂರು ಮ್ಯಾಚ್‌ಗಳಲ್ಲೇ ಏಳು ಅಂಕ ಕೈತಪ್ಪಿತು. ಕೊನೆಗೆ ಲಿವರ್‌ಪೂಲ್ 84 ಅಂಕದೊಂದಿಗೆ ಗೆದ್ದಿತು, ಆರ್ಸೆನಲ್‌ಗೆ 74. ಬರೀ ಕಾರ್ಡ್‌ಗಳಿಂದಲೇ ಪ್ರಶಸ್ತಿ ಹೋಯಿತು ಅನ್ನಲಾಗದು. ಆದರೆ ಓಟದ ಶುರುವಿನಲ್ಲೇ ಅವರು ಹಿಂದೆ ಬಿದ್ದದ್ದು ಅಲ್ಲೇ.

ಸರ್ಕಾರಿ ಜೂನಿಯರ್ ಕಾಲೇಜು ಮೈದಾನದಲ್ಲಿ ಒಬ್ಬ ಹುಡುಗ ನನ್ನ ಜೊತೆ ವಾದಕ್ಕೇ ಇಳಿದ.

"ಅಣ್ಣ, ರೈಸ್ ಸುಮ್ನೆ ಚೆಂಡು ಮುಟ್ಟಿದ ಅಷ್ಟೇ ಅಲ್ವಾ? ಅದಕ್ಕೆ ಕಾರ್ಡ್ ಕೊಡ್ತಾರಾ?"

"ಮುಟ್ಟಿದ ಕಣಪ್ಪ, ಆದ್ರೆ ಅವನಿಗೆ ಆಗ್ಲೇ ಒಂದು ಹಳದಿ ಇತ್ತಲ್ಲ. ಒಂದು ಹಳದಿ ಇರೋನು ಸೀಟಿ ಊದಿದ್ಮೇಲೆ ಚೆಂಡಿನ ಹತ್ರಾನೇ ಹೋಗ್ಬಾರ್ದು."

"ರೆಫರಿ ಬೇರೆಯವರಿಗೆ ಕೊಡಲ್ಲ, ಅಣ್ಣ."

"ಕೊಡದೇ ಇರಬಹುದು. ಅದು ನಮ್ಮ ಕೈಲಿಲ್ಲ. ಕಾಲು ನಮ್ಮ ಕೈಲಿದೆ."

ಅವನಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಪರವಾಗಿಲ್ಲ. ರೆಫರಿ ಮೇಲಿನ ಸಿಟ್ಟು ನ್ಯಾಯವೇ ಇದ್ದರೂ ಅದರಿಂದ ತಂಡ ಬೆಳೆಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇದಕ್ಕೆ ನಮ್ಮ ಕಂಠೀರವವೇ ಸಾಕ್ಷಿ. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ಎದುರಿನ ನಾಕೌಟ್. ಹೆಚ್ಚುವರಿ ಸಮಯದಲ್ಲಿ ಛೆಟ್ರಿ, ಎದುರಾಳಿ ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು. ಆಗ ಆಟ ಮುಗಿಯಲು ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಇತ್ತು. ಒಂದು ಗೋಲು ಹೊಡೆಯೋಕೆ ಬೇಕಾದಷ್ಟು ಸಮಯ. ನಂತರ ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ ಹತ್ತು ಮ್ಯಾಚ್ ನಿಷೇಧ. ಮುಂದಿನ ಸೀಸನ್ ಶುರುವಾದಾಗಲೂ ತಂಡದ ಪಕ್ಕದಲ್ಲಿ ಕೋಚ್ ಇರಲಿಲ್ಲ. ಗೋಲಿನ ಬಗ್ಗೆ ಇವತ್ತಿಗೂ ಎರಡು ಅಭಿಪ್ರಾಯ ಇರಬಹುದು. ನಷ್ಟ ಯಾರಿಗಾಯಿತು ಅನ್ನುವುದರಲ್ಲಿ ಇಲ್ಲ.

ನಮ್ಮ ಕ್ಲಬ್ಬಿನ ಕೊರತೆಯನ್ನೂ ಹೇಳಲೇಬೇಕು. 2021ರ ಮೇನಲ್ಲಿ ಎಎಫ್‌ಸಿ ಕಪ್ ಆಡಲು ಮಾಲ್ಡೀವ್ಸ್‌ಗೆ ಹೋದ ತಂಡದಲ್ಲಿ ಕೆಲವರು ಕೋವಿಡ್ ನಿಯಮ ಮುರಿದರು. ಅಲ್ಲಿನ ಕ್ರೀಡಾ ಸಚಿವರೇ ತಂಡ ದೇಶ ಬಿಡಬೇಕು ಅಂದರು. ಮ್ಯಾಚ್ ನಡೆಯಲಿಲ್ಲ. ಕ್ಲಬ್ ಮಾಲೀಕ ಪಾರ್ಥ್ ಜಿಂದಾಲ್ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಆಗಷ್ಟೇ ಏಳನೇ ಸ್ಥಾನದಲ್ಲಿ ಸೀಸನ್ ಮುಗಿಸಿದ್ದ ತಂಡ ಅದು. ಮೈದಾನದ ಒಳಗೆ ಸಡಿಲ ಆದದ್ದು ಹೊರಗೂ ಸಡಿಲ ಆಗಿತ್ತು. ಕುಸಿತದ ಗುರುತು ಅಂತ ನಾನು ಹೇಳುವುದು ಇಂಥದ್ದನ್ನೇ.

ಶಿಸ್ತಿಗೆ ಬೆಲೆಯೂ ತೆರಬೇಕಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಆರ್ಟೆಟಾ ತಮ್ಮ ನಾಯಕ ಒಬಾಮೆಯಾಂಗ್‌ನ ನಾಯಕತ್ವ ಕಿತ್ತುಕೊಂಡರು. ಶಿಸ್ತು ಮೀರಿದ್ದೇ ಕಾರಣ. ಒಂದೂವರೆ ವರ್ಷದ ಹಿಂದೆ ಎಫ್‌ಎ ಕಪ್ ಫೈನಲ್‌ನಲ್ಲಿ ಎರಡೂ ಗೋಲು ಹೊಡೆದು ಕಪ್ ತಂದುಕೊಟ್ಟ ಆಟಗಾರ ಆತ. ಕೆಲವೇ ವಾರದಲ್ಲಿ ಬಾರ್ಸಿಲೋನಾಗೆ ಹೋದ. ಉಳಿದರ್ಧ ಸೀಸನ್ ಆರ್ಸೆನಲ್ ಗೋಲಿಗೆ ಪರದಾಡಿತು. ಎರಡು ಅಂಕದಿಂದ ಯುರೋಪಿನ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಅವಕಾಶ ತಪ್ಪಿತು. ಆ ಬೆಲೆ ತೆತ್ತ ಮೇಲೆ ಡ್ರೆಸ್ಸಿಂಗ್ ರೂಮ್‌ನಲ್ಲಿದ್ದ ಇಪ್ಪತ್ತರ ಹುಡುಗರಿಗೆ ನಿಯಮ ಎಲ್ಲರಿಗೂ ಒಂದೇ ಅಂತ ಗೊತ್ತಾಯಿತು. ಹಿಂದೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಕೋಚ್ ಆಗಿದ್ದ ಅಲೆಕ್ಸ್ ಫರ್ಗ್ಯುಸನ್ ಕೂಡ ಇದನ್ನೇ ಮಾಡಿದ್ದರು. ಕುಡಿತದ ಚಟ ಇದ್ದ ಯುನೈಟೆಡ್‌ನಲ್ಲಿ 1989ರಲ್ಲಿ ಪಾಲ್ ಮೆಗ್ರಾತ್, ನಾರ್ಮನ್ ವೈಟ್‌ಸೈಡ್ ಇಬ್ಬರನ್ನೂ ಮಾರಿದರು. ಇಬ್ಬರೂ ಅಭಿಮಾನಿಗಳ ಕಣ್ಮಣಿಗಳು. ಮೆಗ್ರಾತ್ ಹೋದ ಕಡೆ ಅದ್ಭುತವಾಗಿಯೂ ಆಡಿದರು.

ಇನ್ನೊಂದು ಬಗೆಯ ಶಿಸ್ತು ಕಣ್ಣಿಗೆ ಬೇಗ ಬೀಳಲ್ಲ. ಗೋಲು ಬಿದ್ದ ಮರುಕ್ಷಣ ನೋಡಿ. ಕುಸಿಯುವ ತಂಡದಲ್ಲಿ ಡಿಫೆಂಡರ್‌ಗಳು ಒಬ್ಬರನ್ನೊಬ್ಬರು ಕೈ ಮಾಡಿ ದೂರುತ್ತಾರೆ. ಸ್ಟ್ರೈಕರ್ ನಡುಗೆರೆ ಹತ್ತಿರ ಸೊಂಟದ ಮೇಲೆ ಕೈ ಇಟ್ಟು ನಿಂತಿರುತ್ತಾನೆ. ಕಟ್ಟಿಕೊಳ್ಳುವ ತಂಡದಲ್ಲಿ ಒಬ್ಬ ಹೋಗಿ ಬಲೆಯಿಂದ ಚೆಂಡು ತೆಗೆಯುತ್ತಾನೆ, ಇನ್ನೊಬ್ಬ ತಪ್ಪು ಮಾಡಿದ ಹುಡುಗನ ತಲೆ ಸವರಿ ಅವನ ಜಾಗಕ್ಕೆ ಕಳಿಸುತ್ತಾನೆ. 3-0 ಹಿಂದೆ ಇದ್ದಾಗಲೂ ನಾಲ್ವರು ಡಿಫೆಂಡರ್‌ಗಳ ಸಾಲು ನೇರ ಇದೆಯಾ? ಕಾಲೇಜು ಮೈದಾನದ ಮ್ಯಾಚ್‌ನಲ್ಲೂ, ಕಂಠೀರವದಲ್ಲೂ ಇದನ್ನು ಬರಿಗಣ್ಣಲ್ಲೇ ನೋಡಬಹುದು.

ಎಷ್ಟು ಆಸೆ ಇಟ್ಟುಕೊಳ್ಳಬೇಕು?

ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. "ಈ ಸಲ ಕಪ್ ನಮ್ದೇ" ಅಂತ ವರ್ಷವರ್ಷ ಕೂಗಿ, 18ನೇ ಸೀಸನ್‌ನಲ್ಲಿ, 2025ರ ಜೂನ್ 3ರಂದು ಕಪ್ ಕಂಡ ಊರು ನಮ್ಮದು. ಆಸೆ ಇರಬೇಕು. ಆಸೆ ಬೇರೆ, ಲೆಕ್ಕಾಚಾರ ಬೇರೆ.

ಫುಟ್‌ಬಾಲ್‌ನಲ್ಲಿ ಗೋಲುಗಳು ಕಮ್ಮಿ. ಹಾಗಾಗಿ ಒಂದು ಮ್ಯಾಚ್‌ನ ಫಲಿತಾಂಶದಲ್ಲಿ ಅದೃಷ್ಟದ ಪಾಲು ಜಾಸ್ತಿ. ಇದಕ್ಕೇ ಈಗ ಎಕ್ಸ್‌ಜಿ ಅನ್ನುವ ಲೆಕ್ಕ ಬಂದಿದೆ. ಪ್ರತಿ ಹೊಡೆತವೂ ಗೋಲಾಗುವ ಸಾಧ್ಯತೆ ಎಷ್ಟು ಅಂತ ಅಳೆದು ಕೂಡಿಸುತ್ತಾರೆ. ಪೆನಾಲ್ಟಿಗೆ ಹೆಚ್ಚುಕಡಿಮೆ ಮುಕ್ಕಾಲು. ದೂರದಿಂದ ಹೊಡೆದ ಚೆಂಡಿಗೆ ತೀರಾ ಕಮ್ಮಿ. ತಂಡ 1-0 ಸೋತರೂ ಒಳ್ಳೆಯ ಅವಕಾಶಗಳು ಅದಕ್ಕೇ ಜಾಸ್ತಿ ಸಿಕ್ಕಿದ್ದರೆ, ಆ ಸೋಲಿಗೆ ಅಷ್ಟು ಹೆದರಬೇಕಿಲ್ಲ. ಐದು ಮ್ಯಾಚ್ ನೋಡಿ ತೀರ್ಪು ಕೊಡಬಾರದು. ಹದಿನೈದು, ಇಪ್ಪತ್ತು ಮ್ಯಾಚ್ ಆದ ಮೇಲೆ ಚಿತ್ರ ಸ್ಪಷ್ಟವಾಗುತ್ತದೆ.

ಕಪ್ ಗೆದ್ದರೆ ಎಲ್ಲಾ ಸರಿ ಇದೆ ಅಂತಲೂ ಅಲ್ಲ. 2025ರ ಮೇನಲ್ಲಿ ಟಾಟನ್‌ಹ್ಯಾಮ್ 1-0ರಿಂದ ಮ್ಯಾಂಚೆಸ್ಟರ್ ಯುನೈಟೆಡ್‌ನ ಸೋಲಿಸಿ ಯುರೋಪಾ ಲೀಗ್ ಗೆದ್ದಿತು. ಅದೇ ಸೀಸನ್ ಪ್ರೀಮಿಯರ್ ಲೀಗ್‌ನ 20 ತಂಡಗಳಲ್ಲಿ ಟಾಟನ್‌ಹ್ಯಾಮ್ 17ನೇ ಸ್ಥಾನ, ಯುನೈಟೆಡ್ 15ನೇ ಸ್ಥಾನ. ಕಪ್ ಗೆಲ್ಲಿಸಿದ ಕೋಚ್‌ನ ಎರಡೇ ವಾರದಲ್ಲಿ ಕ್ಲಬ್ ಕಳಿಸಿತು.

ಹಾಗಾದರೆ ಏನನ್ನು ನಿರೀಕ್ಷಿಸಬೇಕು? ಮೊದಲ ವರ್ಷ ನಾನು ಸ್ಥಾನವನ್ನೇ ಕೇಳಲ್ಲ. ಬಿಟ್ಟುಕೊಡುವ ಗೋಲು ಕಮ್ಮಿ ಆಗುತ್ತಿದೆಯಾ ಅಂತ ಕೇಳುತ್ತೇನೆ, ಯಾಕಂದ್ರೆ ಡಿಫೆನ್ಸ್ ಸರಿ ಮಾಡುವುದು ಅಟ್ಯಾಕ್ ಕಟ್ಟುವುದಕ್ಕಿಂತ ಬೇಗ ಆಗುವ ಕೆಲಸ. ಬೆಂಗಳೂರು ಎಫ್‌ಸಿ 2024-25ನ್ನು ಶುರುಮಾಡಿದ್ದೇ ಹಾಗೆ. ಮೊದಲ ಐದು ಮ್ಯಾಚ್‌ಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಎರಡನೇ ವರ್ಷ ಪ್ಲೇಆಫ್ ಕೇಳಬಹುದು. ಐಎಸ್‌ಎಲ್‌ನಲ್ಲಿ ಮೊದಲ ಆರು ತಂಡಗಳಿಗೆ ಆ ಅವಕಾಶ ಇದ್ದದ್ದರಿಂದ ಅದು ಅತಿಯಾಸೆ ಅಲ್ಲ. ಕಪ್ ಅನ್ನುವುದು ಆಮೇಲಿನ ಮಾತು.

ಕೆಲವೊಮ್ಮೆ ತಂಡ ನಮ್ಮ ಲೆಕ್ಕಕ್ಕಿಂತ ಮುಂದೆ ಓಡುತ್ತದೆ. 2024-25ರ ಆ ಸೀಸನ್ ನಾವು ಮೂರನೇ ಸ್ಥಾನಕ್ಕೆ ಬಂದೆವು. ನಾಕೌಟ್‌ನಲ್ಲಿ ಮುಂಬೈ ಸಿಟಿಯನ್ನು 5-0ಗೆ ಹೊಡೆದೆವು. ಸೆಮಿಫೈನಲ್‌ನ ಕೊನೇ ಗಳಿಗೆಯಲ್ಲಿ 40 ವರ್ಷದ ಛೆಟ್ರಿ ತಲೆಯಿಂದ ಹೊಡೆದ ಗೋಲು ಗೋವಾವನ್ನು ಹೊರಗೆ ಕಳಿಸಿತು. ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು 1-0 ಮುಂದೆ ಇದ್ದು, ಪೆನಾಲ್ಟಿಯಿಂದ ಸಮ ಆಗಿ, ಹೆಚ್ಚುವರಿ ಸಮಯದಲ್ಲಿ 2-1 ಸೋತೆವು. ತುಂಬಾ ನೋವಾಯಿತು. ಆದರೆ ಆ ನೋವು ಹತ್ತನೇ ಸ್ಥಾನದ ನೋವಿನಂಥದ್ದಲ್ಲ.

ಮೈದಾನದ ಹೊರಗಿನ ಪೆಟ್ಟನ್ನು ಯಾವ ಅಭಿಮಾನಿಯೂ ಲೆಕ್ಕ ಹಾಕಲಾರ. ಫೈನಲ್ ಆಡಿದ ನಾಲ್ಕು ತಿಂಗಳಿಗೆ, ಲೀಗ್ ನಡೆಸುವ ಒಪ್ಪಂದದ ಗೊಂದಲದಿಂದ ಮುಂದಿನ ಸೀಸನ್ ನಡೆಯುತ್ತದೋ ಇಲ್ಲವೋ ಅನ್ನುವ ಸ್ಥಿತಿ ಬಂತು. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವ ಲೀಗ್ ಆ ಸಲ ಆ ಹೊತ್ತಿಗೆ ಶುರುವಾಗಲಿಲ್ಲ. ನಾಲ್ಕು ವರ್ಷ ಕಷ್ಟಪಟ್ಟು ಕಟ್ಟಿದ ತಂಡವನ್ನು ಒಂದು ಕಾಗದದ ಸಹಿ ಅಲುಗಾಡಿಸಬಹುದು. ಭಾರತದ ಫುಟ್‌ಬಾಲ್ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟು ಬರೀ ಕೋಚ್‌ನ ದೂರುವುದು ಅನ್ಯಾಯ.

ತಾಳ್ಮೆ ಎಲ್ಲಿವರೆಗೆ?

ತಾಳ್ಮೆ ಬೇಕು ಅಂದರೆ ಏನಾದರೂ ಸಹಿಸಿಕೊಳ್ಳಿ ಅಂತ ಅಲ್ಲ. ಫರ್ಗ್ಯುಸನ್‌ಗೆ ಯುನೈಟೆಡ್ ಕಾಯಿತು. 1986ರ ನವೆಂಬರ್‌ನಲ್ಲಿ ಬಂದವರು ಮೊದಲ ಕಪ್ ಗೆದ್ದದ್ದು 1990ರಲ್ಲಿ, ಲೀಗ್ ಗೆದ್ದದ್ದು 1993ರಲ್ಲಿ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಭಾಗ ಏನಂದರೆ, ಆ ವರ್ಷಗಳಲ್ಲಿ ಅವರು ಹುಡುಗರನ್ನು ಹುಡುಕುವ ಇಡೀ ವ್ಯವಸ್ಥೆಯನ್ನೇ ಬದಲಾಯಿಸುತ್ತಿದ್ದರು. ರಯಾನ್ ಗಿಗ್ಸ್ ಸಿಕ್ಕಿದ್ದು ಆ ಕಾಲದಲ್ಲೇ. ಕಾಯೋಕೆ ಕಾರಣ ಇತ್ತು. 2013ರಲ್ಲಿ ಅವರು ನಿವೃತ್ತರಾದ ಮೇಲೆ ಮೋಯೆಸ್, ವಾನ್ ಗಾಲ್, ಮೊರಿನ್ಯೊ, ಸೋಲ್ಸ್ಕೇರ್, ಟೆನ್ ಹಾಗ್, ಅಮೊರಿಮ್ ಬಂದರು. ಒಬ್ಬರಿಗೆ ಚೆಂಡು ಹಿಡಿದಿಟ್ಟು ಆಡುವವರು ಬೇಕು, ಇನ್ನೊಬ್ಬರಿಗೆ ಹಿಂದೆ ಕೂತು ಎದುರಾಳಿಯ ಮೇಲೆ ಎರಗುವವರು ಬೇಕು. ಪ್ರತಿ ಸಲವೂ ಹಿಂದಿನವರು ತಂದ ಆಟಗಾರರು ಮೂಲೆ ಸೇರಿದರು. ಅಲ್ಲಿ ಕೋಚ್ ಬದಲಾಯಿಸಿದ್ದಕ್ಕಿಂತ, ಪ್ರತಿ ಸಲ ದಿಕ್ಕನ್ನೇ ಬದಲಾಯಿಸಿದ್ದು ಹೆಚ್ಚು ಹೊಡೆತ ಕೊಟ್ಟಿತು.

ನಮ್ಮಲ್ಲಿ ಇದರ ಇನ್ನೊಂದು ಮುಖ ಕಂಡಿತು. ಒಂದೇ ಸೀಸನ್‌ನಲ್ಲಿ ಮೂರು ಫೈನಲ್‌ಗೆ ಕರೆದೊಯ್ದ ಗ್ರೇಸನ್‌ನ 2023ರ ಡಿಸೆಂಬರ್‌ನಲ್ಲಿ ಕ್ಲಬ್ ತೆಗೆಯಿತು. ನನಗೆ ಆಗ ಬೇಸರ ಆಗಿತ್ತು. ಜೆರಾರ್ಡ್ ಜರಾಗೊಜಾ ಬಂದ ಮೇಲೂ ಆ ಸೀಸನ್ ಸರಿಹೋಗಲಿಲ್ಲ, ಹತ್ತನೇ ಸ್ಥಾನದಲ್ಲೇ ಮುಗಿಯಿತು. ಆ ಬೇಸಿಗೆಯಲ್ಲಿ ಕ್ಲಬ್ ಮತ್ತೆ ಕೋಚ್ ಬದಲಾಯಿಸಬಹುದಿತ್ತು. ಬದಲಾಯಿಸಲಿಲ್ಲ. ಮುಂಬೈ ಸಿಟಿಯಲ್ಲಿದ್ದ ಭೆಕೆಯನ್ನು ವಾಪಸ್ ಕರೆಸಿತು. ಮಿಡ್‌ಫೀಲ್ಡ್‌ಗೆ ಪೆದ್ರೊ ಕಾಪೊ, ನೊಗೆರಾ ಬಂದರು. ಮುಂದೆ ಎಡ್ಗರ್ ಮೆಂಡೆಸ್, ಪೆರೇರಾ ಡಿಯಾಸ್. ಪಕ್ಕದಲ್ಲಿ ನಮ್ಮ ಹುಡುಗರಾದ ವಿನಿತ್, ಶಿವಶಕ್ತಿ. ಮೂವತ್ತು ದಾಟಿದ ವಿದೇಶಿಯರು ಇದ್ದರು ನಿಜ. ಈ ಸಲ ಅವರ ಬೆನ್ನ ಹಿಂದೆ ಇಪ್ಪತ್ತರ ಹುಡುಗರೂ ಇದ್ದರು.

ಹಾಗಾಗಿ ಬಸ್ಸಿನಲ್ಲಿ "ಕೋಚ್‌ನ ತೆಗೀಬೇಕಾ ಬೇಡ್ವಾ ಅಣ್ಣ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟು. ಕಳೆದ ಹತ್ತು ಮ್ಯಾಚ್‌ನಲ್ಲಿ 23ರ ಒಳಗಿನವರು ಎಷ್ಟು ಜನ ಆಡಿದರು? ಸುಮ್ಮಸುಮ್ಮನೆ ತಗೊಂಡ ಹಳದಿ ಕಾರ್ಡ್ ಎಷ್ಟು? 75ನೇ ನಿಮಿಷದ ಮೇಲೆ ಬಿಟ್ಟ ಗೋಲು ಎಷ್ಟು? ಅದರ ಹಿಂದಿನ ಹತ್ತು ಮ್ಯಾಚ್‌ಗೆ ಹೋಲಿಸಿದರೆ ಈ ಮೂರೂ ಸುಧಾರಿಸಿದ್ದರೆ ಕೋಚ್‌ಗೆ ಇನ್ನೊಂದು ಸೀಸನ್ ಕೊಡೋಣ ಅನ್ನುತ್ತೇನೆ. ಮೂರೂ ಕೆಟ್ಟಿದ್ದರೆ, ತಂಡ ನಾಲ್ಕನೇ ಸ್ಥಾನದಲ್ಲಿದ್ದರೂ ನನಗೆ ಭಯ ಆಗುತ್ತದೆ.